ಮೇಷ್ಟ್ರ ಪುಸ್ತಕದೊಳಗಿನ ಅಪ್ಪ

ಆಸ್ಪತ್ರೆಯ ಔಷಧಿ ಕೌಂಟರಿನ ಹಿಂದೆ, ಊಟದ ಬಿಡುವಿನಲ್ಲಿ, ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಅವಳು ಪುಸ್ತಕದ ಪೊಟ್ಟಣ ಬಿಚ್ಚಿದಳು. ಮೇಷ್ಟ್ರ ಹೊಸ ಪುಸ್ತಕ. ಹಿಂದಿನ ದಿನವಷ್ಟೇ ಫೋನಿನಲ್ಲಿ ನಡೆಯುವ ಓದುಗರ ಗುಂಪಿನಲ್ಲಿ ‘ನಮ್ಮ ಮೇಷ್ಟ್ರ ಪುಸ್ತಕ, ಎಲ್ಲರೂ ತರಿಸಿಕೊಂಡು ಓದಿ’ ಎಂದು ತಾನೇ ಡಂಗುರ ಸಾರಿದ್ದಳು. ಮೂವತ್ತೊಂದನೇ ಪುಟಕ್ಕೆ ಬರುವಷ್ಟರಲ್ಲಿ ಕಿವಿಯ ಹಿಂದೆ ಬಿಸಿ ಏರತೊಡಗಿತು. ನಲವತ್ತನೇ ಪುಟದಲ್ಲಿ ಅವಳ ಅಪ್ಪ ಕೂತಿದ್ದ.

ಅವಳದೇ ಅಪ್ಪ. ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ, ಕಣ್ಣು ಕಾಣದಿದ್ದರೂ ಮುಖವನ್ನು ಬೆಳಕಿನ ಕಡೆಗೇ ತಿರುಗಿಸಿಕೊಂಡು, ಮಗಳು ಓದುವುದನ್ನು ಕೇಳುತ್ತಾ ಕೂತಿದ್ದ. ವ್ಯತ್ಯಾಸ ಇಷ್ಟೇ: ಇಲ್ಲಿ ಅವನು ‘ನನ್ನ ಪೂಜ್ಯ ತಂದೆಯವರು’ ಆಗಿದ್ದ, ಓದಿ ಹೇಳುತ್ತಿದ್ದ ಮಗಳು ಮಗನಾಗಿದ್ದಳು.

ಅವಳು ಪುಸ್ತಕ ಮುಚ್ಚಿದಳು. ಮತ್ತೆ ತೆಗೆದಳು. ಊಟದ ಡಬ್ಬಿ ಹಾಗೇ ಉಳಿಯಿತು.

ಮಾತ್ರೆ ಕೊಡುವವಳಾದ್ದರಿಂದ ಗುಂಪಿನಲ್ಲಿ ಅವಳಿಗೆ ಗುಳಿಗೆಯಕ್ಕ ಎಂದೇ ಹೆಸರು. ‘ಅಕ್ಕಾ, ಮನಸ್ಸು ಕೆಟ್ಟಿದೆ, ಯಾವ ಕಾದಂಬರಿ ತಗೊಳ್ಳಲಿ, ಊಟಕ್ಕೆ ಮುಂಚೆಯೋ ಆಮೇಲೋ’ ಎಂದು ಜನ ಕಿಚಾಯಿಸುತ್ತಿದ್ದರು. ಅವಳೂ ಅದೇ ಧಾಟಿಯಲ್ಲಿ ಉತ್ತರ ಕೊಡುತ್ತಿದ್ದಳು. ಎರಡು ಕಥಾಸಂಕಲನ, ಒಂದು ಕಾದಂಬರಿ ಬರೆದಿದ್ದಳು. ಅವನ್ನು ಓದಿದವರು ಕೆಲವೇ ನೂರು. ಆದರೆ ಅವಳು ಓದಿದ ಪುಸ್ತಕಗಳ ಬಗ್ಗೆ ಬರೆದದ್ದನ್ನು ಗುಂಪಿನ ಹನ್ನೆರಡು ಸಾವಿರ ಮಂದಿಯೂ ಓದುತ್ತಿದ್ದರು. ವೈದ್ಯರ ಅಕ್ಷರ ಓದಿ ಪಳಗಿದವಳಿಗೆ ಯಾವ ಲೇಖಕನೂ ಕಷ್ಟವಲ್ಲ ಎಂದು ಮೇಷ್ಟ್ರೇ ಒಮ್ಮೆ ಹೊಗಳಿದ್ದರು.

ಮೇಷ್ಟ್ರು ಎಂದರೆ ಗುಂಪನ್ನು ಕಟ್ಟಿ ನಡೆಸುತ್ತಿದ್ದ ನಿವೃತ್ತ ಅಧ್ಯಾಪಕರು. ಯಾರು ಏನು ಬರೆದರೂ ಕೆಳಗೆ ‘ಭೇಷ್ ತಂಗಿ’, ‘ಭೇಷ್ ತಮ್ಮ’ ಎಂದು ಹಾಕುತ್ತಿದ್ದರು. ಜಗಳವಾದರೆ ಬಿಡಿಸುತ್ತಿದ್ದರು, ಮಿತಿಮೀರಿದವರನ್ನು ಹೊರಗೆ ಹಾಕುತ್ತಿದ್ದರು. ಅಪ್ಪ ತೀರಿಕೊಂಡ ವಾರ ಫೋನು ಮಾಡಿ ಅರ್ಧ ಗಂಟೆ ಸಮಾಧಾನ ಹೇಳಿದ್ದರು. ಆ ಅರ್ಧ ಗಂಟೆ ಈಗ ಅವಳಿಗೆ ಮೈಯೆಲ್ಲ ಉರಿ ಹತ್ತಿಸಿತು.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಸಕ್ಕರೆ ಕಾಯಿಲೆ ಕಣ್ಣು ತಿಂದುಹಾಕಿದ ಮೇಲೆ, ಬೆಳಗಿನ ಪಾಳಿ ಮುಗಿಸಿ ಬಂದ ಅವಳು ಮಧ್ಯಾಹ್ನವೆಲ್ಲ ಅವನಿಗೆ ಕಾದಂಬರಿ ಓದುತ್ತಿದ್ದಳು. ಒಮ್ಮೆ ಕಥಾನಾಯಕ ಕೆಟ್ಟುನಿಂತ ಬಸ್ಸನ್ನು ಎರಡೇ ನಿಮಿಷದಲ್ಲಿ ಸರಿಮಾಡಿದಾಗ ಅಪ್ಪ ಕೈ ಎತ್ತಿ, ‘ನಿಲ್ಲಿಸು. ಈ ಬರೆದೋನು ಜನ್ಮದಲ್ಲಿ ಸ್ಪ್ಯಾನರ್ ಹಿಡಿದಿಲ್ಲ’ ಎಂದಿದ್ದ. ಮೇಷ್ಟ್ರ ತಂದೆಯೋ ಕಚೇರಿ ಗುಮಾಸ್ತರು. ಅವರ ಬಾಯಲ್ಲಿ ಸ್ಪ್ಯಾನರ್ ಹೊಂದುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಆ ಮಾತು ‘ಈ ಬರೆದವನು ಜನ್ಮದಲ್ಲಿ ಲೇಖನಿ ಹಿಡಿದಿಲ್ಲ’ ಎಂದಾಗಿತ್ತು.

ಕದ್ದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು. ಕದಿಯುವುದಾದರೆ ಕದಿ, ಜೋಕನ್ನು ಯಾಕೆ ಕೊಲ್ಲುತ್ತೀಯ?

ಸಂಜೆ ಗುಂಪನ್ನು ತೆರೆದು ತನ್ನ ಹಳೆಯ ಬರಹಗಳನ್ನು ಹುಡುಕಿದಳು. ಅಪ್ಪನ ಬಗ್ಗೆ ಬರೆದು ಅಲ್ಲಿ ಹಾಕಿದ್ದ ಏಳರಲ್ಲಿ ಒಂದೂ ಇರಲಿಲ್ಲ. ಮೇಷ್ಟ್ರು ಕಸಬರಿಗೆ ಹಿಡಿದು ಗುಡಿಸಿಬಿಟ್ಟಿದ್ದರು. ಅವರಿಗೇ ಫೋನು ಮಾಡಿದಳು.

“ಮೇಷ್ಟ್ರೇ, ನಲವತ್ತನೇ ಪುಟದಲ್ಲಿರೋದು ಯಾರಪ್ಪ?”

ಆ ಕಡೆ ಒಂದು ನಿಟ್ಟುಸಿರು. “ತಂಗಿ, ವಯಸ್ಸಾಯ್ತು ನೋಡು. ಓದಿದ್ದು, ಕೇಳಿದ್ದು, ಅನುಭವಿಸಿದ್ದು ಎಲ್ಲಾ ಮನಸ್ಸಲ್ಲಿ ಕಲಸಿಹೋಗುತ್ತೆ. ಸಾಹಿತ್ಯ ಅಂದ್ರೇನೇ ಹಂಚಿಕೊಳ್ಳೋದಲ್ವಾ?”

“ಹಂಚಿಕೊಳ್ಳೋಕೆ ಅದೇನು ಪೇಪರಾ? ನಮ್ಮಪ್ಪ!”

“ನೀನು ಈಗ ಬೇಜಾರಲ್ಲಿದ್ದೀಯ. ನಿಧಾನಕ್ಕೆ ಮಾತಾಡೋಣ” ಎಂದು ಅವರು ಇಟ್ಟುಬಿಟ್ಟರು.

ನಿಧಾನಕ್ಕೆ ಮಾತಾಡುವಷ್ಟು ತಾಳ್ಮೆ ಅವಳಲ್ಲಿರಲಿಲ್ಲ. ಅವಳು ಏನನ್ನೇ ಆಗಲಿ ಮೊದಲು ಔಷಧಿ ಕಂಪನಿಗಳು ಕೊಡುವ ಚೀಟಿ ಪುಸ್ತಕಗಳಲ್ಲಿ ಕೈಯಲ್ಲೇ ಬರೆಯುವವಳು. ಆ ಚೀಟಿಗಳ ಫೋಟೊ ತೆಗೆದು, ಪಕ್ಕದಲ್ಲಿ ಪುಸ್ತಕದ ಪುಟಗಳನ್ನಿಟ್ಟು ಗುಂಪಿನಲ್ಲಿ ಹಾಕಿದಳು. ಐದು ನಿಮಿಷದಲ್ಲಿ ಉತ್ತರಗಳು ಮುತ್ತಿಕೊಂಡವು. ಹಳೇ ಚೀಟಿಯಲ್ಲಿ ಹೊಸದಾಗಿ ಬರೆಯೋದು ಕಷ್ಟವೇ ಎಂದ ಒಬ್ಬ. ಹಿರಿಯರ ಹೆಸರು ಕೆಡಿಸಿ ತನ್ನ ಕಾದಂಬರಿ ಮಾರಿಕೊಳ್ಳುವ ಉಪಾಯ ಎಂದ ಇನ್ನೊಬ್ಬ. ‘ಎಲ್ಲರ ಅಪ್ಪಂದಿರೂ ಒಂದೇ ತರ ಇರ್ತಾರೆ ಅಕ್ಕಾ, ಶಾಂತವಾಗಿರಿ’ ಎಂದು ಒಬ್ಬಳು ಹೂವಿನ ಚಿತ್ರ ಸಮೇತ ಬುದ್ಧಿ ಹೇಳಿದಳು. ಆರು ವರ್ಷ ಅವಳ ಸಲಹೆಯ ಮೇಲೆ ಪುಸ್ತಕ ಕೊಂಡವರೇ ಇವರೆಲ್ಲ. ಉತ್ತರ ಟೈಪಿಸುತ್ತಿದ್ದಂತೆಯೇ ಪರದೆ ಖಾಲಿಯಾಯಿತು. ಅವಳನ್ನು ಗುಂಪಿನಿಂದ ತೆಗೆದುಹಾಕಲಾಗಿತ್ತು.

ಅವಳು ಫೋನನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಅಮ್ಮ ಪಕ್ಕದ ಕೋಣೆಯಿಂದ, ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದಳು. ಅಮ್ಮ ಬಟ್ಟೆ ಹೊಲಿಯುವವಳು. ಪುಸ್ತಕ ಮುಟ್ಟುವವಳಲ್ಲ.

“ಏನಾಯ್ತೇ? ಯಾರ ಮೇಲೆ ಹಲ್ಲು ಕಡೀತಿದ್ದೀಯ?”

ಅವಳು ಹೇಳಿದಳು. ಅಮ್ಮನಿಗೆ ಗುಂಪು ಗಿಂಪು ಅರ್ಥವಾಗಲಿಲ್ಲ. ಆದರೆ ನಲವತ್ತನೇ ಪುಟವನ್ನು ಓದಿಸಿಕೊಂಡು ಕೇಳಿದಳು. ಕೇಳುತ್ತಾ ಕೇಳುತ್ತಾ ಅವಳ ಮೂಗಿನ ಹೊಳ್ಳೆ ಅರಳಿತು.

“ನಿಮ್ಮಪ್ಪ ಯಾವಾಗ ಅವನಪ್ಪ ಆದ? ನಾನೇನು ಸತ್ತುಹೋಗಿದ್ದೀನಾ?” ಎಂದಳು. “ಇನ್ನೂ ಏನೇನು ಬರೆದಿದ್ದಾನೆ, ಓದು.”

ಅವಳು ಐವತ್ತೆರಡನೇ ಪುಟ ಓದಿದಳು. ಕೊನೆಯ ಕಾದಂಬರಿಯ ಕೊನೆಯ ಅಧ್ಯಾಯವನ್ನು ತಂದೆ ಓದಿಸಿಕೊಳ್ಳಲಿಲ್ಲ, ಅದಾಗಿ ಐದು ವಾರಕ್ಕೆ ತೀರಿಕೊಂಡರು, ಅವರಿಗೆ ಮುಗಿಯದ ಕಥೆಗಳ ಮೇಲೆ ಪ್ರೀತಿ ಎಂದಿತ್ತು ಅಲ್ಲಿ. ಅಮ್ಮ ಎದ್ದು ಹೋಗಿ ಮಷಿನ್ ಮುಂದೆ ಕೂತಳು. ಅಲ್ಲಿಂದಲೇ, “ಅವನದ್ದು ಏನೋ ಕಾರ್ಯಕ್ರಮ ಇದೆ ಅಂದ್ಯಲ್ಲ, ಯಾವತ್ತು?” ಎಂದು ಕೇಳಿದಳು.

ಪುಸ್ತಕ ಬಿಡುಗಡೆ ಭಾನುವಾರ ಬೆಳಗ್ಗೆ, ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿತ್ತು. ಅರವತ್ತು ಕುರ್ಚಿ, ಫ್ಯಾನು ತಿರುಗುವ ಸದ್ದು, ಮೇಜಿನ ಮೇಲೆ ಪುಸ್ತಕದ ಗೋಪುರ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯಲ್ಲಿ ನಗುತ್ತಿದ್ದರು. ಅವಳನ್ನು ನೋಡಿದ ಕೂಡಲೇ ನಗು ಒಂದು ಕ್ಷಣ ತಡವರಿಸಿತು, ಮತ್ತೆ ಸರಿಯಾಯಿತು. ಅವಳು ಕೈಚೀಲದಲ್ಲಿ ಚೀಟಿಗಳನ್ನೆಲ್ಲ ತಂದಿದ್ದಳು. ಏನೇನು ಹೇಳಬೇಕು ಎಂದು ಮೂರು ದಿನದಿಂದ ಮನಸ್ಸಿನಲ್ಲೇ ಬರೆದು ತಿದ್ದಿದ್ದಳು. ಪ್ರಶ್ನೋತ್ತರ ಶುರುವಾದಾಗ ಎದ್ದು ನಿಲ್ಲಬೇಕು ಎನ್ನುವಷ್ಟರಲ್ಲಿ ಅಮ್ಮ ಅವಳ ತೊಡೆಯ ಮೇಲೆ ಕೈ ಒತ್ತಿ ತಾನೇ ಎದ್ದಳು.

“ಸ್ವಾಮಿ, ನಾನು ಓದಿದೋಳಲ್ಲ. ಒಂದು ಪ್ರಶ್ನೆ ಕೇಳ್ಲಾ?”

“ಕೇಳಿ ತಾಯಿ, ಧಾರಾಳವಾಗಿ” ಎಂದರು ಮೇಷ್ಟ್ರು. ಅವರಿಗೆ ಅಮ್ಮನ ಗುರುತಿರಲಿಲ್ಲ.

“ನಿಮ್ಮ ತಂದೆ ಕೊನೇ ಅಧ್ಯಾಯ ಓದಬೇಡ ಅಂದ್ರಂತಲ್ಲ. ಯಾಕೆ?”

ಮೇಷ್ಟ್ರು ಕಣ್ಣು ಅರೆಮುಚ್ಚಿದರು. “ಬಹಳ ಒಳ್ಳೆ ಪ್ರಶ್ನೆ. ನಮ್ಮ ತಂದೆಯವರು ನಂಬಿದ್ದರು, ಕಥೆ ಮುಗಿದರೆ ಬದುಕೂ ಮುಗಿದ ಹಾಗೆ. ಮುಗಿಯದ ಕಥೆಯಲ್ಲೇ…”

“ಸುಳ್ಳು” ಎಂದಳು ಅಮ್ಮ. ದನಿ ಏರಿಸಲಿಲ್ಲ. “ಅವರು ನನ್ನ ಗಂಡ. ಬಸ್ ರಿಪೇರಿ ಮಾಡ್ತಿದ್ರು. ಅವರಿಗೆ ಅಂಥ ದೊಡ್ಡ ದೊಡ್ಡ ಮಾತೆಲ್ಲ ಬರ್ತಿರಲಿಲ್ಲ. ಇವಳು ಓದೋವಾಗ ನಾನು ಪಕ್ಕದ ರೂಮಲ್ಲಿ ಮಷಿನ್ ನಿಲ್ಲಿಸಿ ಕೇಳ್ತಿದ್ದೆ. ಅದು ಅವರಿಗೆ ಗೊತ್ತಿತ್ತು, ಸದ್ದು ನಿಲ್ತಿತ್ತಲ್ಲ. ಆ ಕಥೇಲಿ ಒಬ್ಬ ಕಾಯಿಲೆ ಮನುಷ್ಯ, ಅವನ ಹೆಂಡತಿ. ಕೊನೇಲಿ ಅವನು ಸಾಯ್ತಾನೆ ಅಂತ ಅವರಿಗೆ ಗೊತ್ತಾಗಿತ್ತು. ನಾನು ಅದನ್ನ ಕೇಳಬಾರದು ಅಂತ ಬೇಡ ಅಂದ್ರು. ನನಗೋಸ್ಕರ. ಅವತ್ತೇ ನನಗೆ ಹೇಳಿದ್ರು.”

 ಅಮ್ಮ ಮಗಳ ಕಡೆ ಬೆರಳು ಮಾಡಿದಳು.

“ಇವಳೂ ಹಂಗೇ ಬರೆದಿದ್ಲಂತೆ. ಅದೂ ಸುಳ್ಳೇ. ನೀವು ಸುಳ್ಳನ್ನೇ ಕದ್ದಿದ್ದೀರಿ.”

ಅಷ್ಟು ಹೇಳಿ ಕೂತಳು. ಗುಳಿಗೆಯಕ್ಕ ಕೈಚೀಲದಿಂದ ಚೀಟಿಗಳನ್ನು ಹೊರತೆಗೆದಳು. ಮುಗಿಯದ ಕಥೆಗಳ ಮೇಲೆ ಅಪ್ಪನಿಗೆ ಪ್ರೀತಿ. ಆ ಸಾಲು ಅವಳದೇ. ಅದಕ್ಕೆ ನಾನೂರು ಹೃದಯದ ಗುರುತುಗಳು ಬಿದ್ದಿದ್ದವು. ಬರೆಯುವಾಗ ಕಣ್ಣು ತುಂಬಿ ಬಂದಿತ್ತು ಕೂಡ. ಆದರೂ ಈಗ ಬಿಡುವ ಹಾಗಿರಲಿಲ್ಲ. ಎದ್ದುಹೋಗಿ, ವೇದಿಕೆಯ ಪಕ್ಕ ಬೆವರು ಒರೆಸಿಕೊಳ್ಳುತ್ತಿದ್ದ ಪ್ರಕಾಶಕನ ಕೈಗೆ ಚೀಟಿಗಳನ್ನಿಟ್ಟಳು.

“ಇದರಲ್ಲಿ ಮೂರನ್ನ ಎರಡು ವರ್ಷದ ಹಿಂದೆ ನೀವು ನಡೆಸೋ ಪತ್ರಿಕೆಗೇ ಕಳಿಸಿದ್ದೆ. ನೀವು ಬೇಡ ಅಂದ್ರಿ. ನಿಮ್ಮ ಮೇಲ್ ತೆಗೆದು ನೋಡ್ಕೊಳ್ಳಿ.”

ಮೇಷ್ಟ್ರು ಮೈಕು ಹಿಡಿದು ‘ಸ್ಮೃತಿ’, ‘ಸಹೃದಯ’ ಎಂದೆಲ್ಲ ಏನೋ ಹೇಳುತ್ತಿದ್ದರು. ಅವಳು ನಿಂತು ಕೇಳಲಿಲ್ಲ.

ಬಸ್ಸಿನಲ್ಲಿ ಅಮ್ಮನ ಪಕ್ಕ ಕೂತ ಮೇಲೆ ಸಿಟ್ಟು ದಿಕ್ಕು ಬದಲಿಸಿತು.

“ಇದನ್ನ ನನಗ್ಯಾಕೆ ಮುಂಚೆ ಹೇಳಲಿಲ್ಲ? ಅಷ್ಟು ಜನರ ಮುಂದೆ ನನ್ನ ಮರ್ಯಾದೆ ಕಳೀಬೇಕಿತ್ತಾ?”

“ನೀನು ಕೇಳಿದ್ಯಾ?” ಅಮ್ಮನೂ ಸಿಡಿದಳು. “ಹನ್ನೆರಡು ಸಾವಿರ ಜನಕ್ಕೆ ನಿಮ್ಮಪ್ಪ ಹೇಗಿದ್ದ ಅಂತ ಹೇಳ್ತಿದ್ದೆ. ಪಕ್ಕದ ರೂಮಲ್ಲಿ ಇದ್ದೋಳನ್ನ ಒಂದು ಸಲ ಕೇಳಿದ್ಯಾ? ನಾನು ಮಷಿನ್ ನಿಲ್ಲಿಸಿದ್ರೆ, ಪಾಪ ಅಮ್ಮ ಸದ್ದು ಮಾಡಬಾರದು ಅಂತ ನಿಲ್ಲಿಸಿದಾಳೆ ಅಂತ ಬರೆದಿದ್ದೆ ಅಲ್ವಾ? ಎದುರುಮನೆಯೋಳು ಫೋನಲ್ಲಿ ಓದಿ ಹೇಳಿದ್ಲು.”

ಅವಳು ಹಾಗೇ ಬರೆದಿದ್ದಳು. ನಿಜ. ಇಬ್ಬರೂ ಇಳಿಯುವ ನಿಲ್ದಾಣದವರೆಗೆ ಬೇರೆ ಬೇರೆ ಕಿಟಕಿ ನೋಡುತ್ತಾ ಕೂತರು.

ಮಂಗಳವಾರ ಪ್ರಕಾಶಕ ಫೋನು ಮಾಡಿದ. ಹಳೆಯ ಮೇಲ್ ಸಿಕ್ಕಿತ್ತು. ಅಕ್ಷರಕ್ಕೆ ಅಕ್ಷರ ಹೋಲಿಸಿದ್ದ. ಪುಸ್ತಕವನ್ನು ಅಂಗಡಿಗಳಿಂದ ವಾಪಸು ತರಿಸುತ್ತಿದ್ದೇನೆ ಎಂದ, ಕ್ಷಮೆ ಕೇಳಿದ. ಕಂಪ್ಯೂಟರಿನಲ್ಲಿ ಕಡತಗಳು ಬೆರೆತುಹೋದವು ಎಂಬುದು ಮೇಷ್ಟ್ರ ಹೊಸ ವಿವರಣೆಯಂತೆ. ಕೊನೆಗೆ ಗಂಟಲು ಸರಿಮಾಡಿಕೊಂಡು, “ನಿಮ್ಮ ಬರಹಗಳನ್ನೇ ಪುಸ್ತಕ ಮಾಡೋಣ್ವಾ ಮೇಡಂ? ಈಗ ಜನ ಮಾತಾಡ್ತಿದ್ದಾರೆ” ಎಂದ.

“ಎರಡು ವರ್ಷದ ಹಿಂದೆ ಚೆನ್ನಾಗಿರಲಿಲ್ಲ, ಈಗ ಚೆನ್ನಾಗಾಯ್ತಾ?” ಎಂದು ಅವಳು ಕೇಳಿದಳು. ಅವನು ಹೆಹ್ಹೆ ಎಂದ. ಯೋಚಿಸಿ ಹೇಳುತ್ತೇನೆಂದು ಇಟ್ಟಳು.

ಗುರುವಾರ ಔಷಧಿ ಕೌಂಟರಿನ ಸಹೋದ್ಯೋಗಿ ತನ್ನ ಫೋನು ಹಿಡಿದುಕೊಂಡು ಬಂದ. ಮೇಷ್ಟ್ರು ಗುಂಪಿನಲ್ಲಿ ಕ್ಷಮೆಯ ಬಗ್ಗೆ ಬರೆದಿದ್ದರು. ತಾವು ಕ್ಷಮೆ ಕೇಳುವುದರ ಬಗ್ಗೆಯಲ್ಲ, ನೋಯಿಸಿದವರನ್ನು ತಾವು ಕ್ಷಮಿಸಿದ್ದರ ಬಗ್ಗೆ. ಆರುನೂರು ಹೃದಯಗಳು. ‘ನಿಮ್ಮ ದೊಡ್ಡತನಕ್ಕೆ ಶರಣು ಮೇಷ್ಟ್ರೇ’ ಎಂದು ಹೂವಿನ ಚಿತ್ರದವಳು ಬರೆದಿದ್ದಳು.

“ಬಿಟ್ಟಾಕಿ ಅಕ್ಕಾ” ಎಂದ ಸಹೋದ್ಯೋಗಿ. “ಗೆದ್ದಿದ್ದೀರಲ್ಲ.”

“ಬಿಡೋಕಾಗಲ್ಲ” ಎಂದಳು ಅವಳು. ಕೌಂಟರಿನಲ್ಲಿ ಸಾಲು ಬೆಳೆಯುತ್ತಿತ್ತು. ಒಬ್ಬೊಬ್ಬರಿಗೂ ಯಾವುದು ಬೆಳಗ್ಗೆ, ಯಾವುದು ರಾತ್ರಿ ಎಂದು ಬಿಡಿಸಿ ಹೇಳಿದಳು. ಸಾಲು ಕರಗಿದ ಮೇಲೆ ಫೋನಿನಲ್ಲಿ, ಗುಂಪಿನ ಹೊರಗಿನ ತನ್ನದೇ ಪುಟ ತೆರೆದು ಬರೆಯಲು ಕೂತಳು. ಅಲ್ಲಿ ಅವಳಿಗಿದ್ದ ಓದುಗರು ಇನ್ನೂರೂ ಆಗುವುದಿಲ್ಲ. ಮೇಷ್ಟ್ರು ಏನು ಕದ್ದರು, ಯಾವಾಗ ಅಳಿಸಿದರು, ಪ್ರಕಾಶಕ ಏನು ಕಂಡುಹಿಡಿದ, ಎಲ್ಲವನ್ನೂ ತಾರೀಖು ಸಮೇತ ಬರೆದಳು. ವಿಶೇಷಣಗಳು ಬಂದ ಕಡೆಯೆಲ್ಲ ಹೊಡೆದುಹಾಕಿದಳು. ಕೆಳಗೆ, ಅಪ್ಪನ ಬಗ್ಗೆ ತಾನು ಬರೆದದ್ದರಲ್ಲಿ ಎರಡು ಸಂಗತಿ ಸುಳ್ಳು, ಅಮ್ಮನನ್ನು ಕೇಳದೆ ಬರೆದದ್ದು ಎಂದು ಸೇರಿಸಿ ಅವು ಯಾವುವು ಎಂದೂ ಬರೆದಳು. ಆ ಭಾಗ ಬರೆಯುವಾಗ ಹಲ್ಲು ಕಚ್ಚಿಕೊಂಡೇ ಇದ್ದಳು.

ಸಂಜೆಯ ಹೊತ್ತಿಗೆ ಹನ್ನೊಂದು ಮಂದಿ ಓದಿದ್ದರು. ಅವಳು ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, “ಅಮ್ಮಾ, ಮಷಿನ್ ನಿಲ್ಲಿಸು. ಉಳಿದ ಆರು ಬರಹದ ಫೋಟೊ ಫೋನಲ್ಲಿದೆ, ಓದ್ತೀನಿ, ಎಲ್ಲಿ ತಪ್ಪಿದೆ ಹೇಳು” ಎಂದಳು.

“ನಿಲ್ಲಿಸಲ್ಲ” ಎಂದಳು ಅಮ್ಮ, ಸಿಟ್ಟು ಇನ್ನೂ ಇಳಿದಿರಲಿಲ್ಲ. “ಎರಡು ರವಿಕೆ ಕೊಡಬೇಕು. ಗಟ್ಟಿಯಾಗಿ ಓದು.”

ಅವಳು ಗಟ್ಟಿಯಾಗಿ ಓದತೊಡಗಿದಳು. ಎರಡನೇ ಸಾಲಿಗೇ ಅಮ್ಮ ತಪ್ಪು ಹಿಡಿದಳು.