ತುಳುಕದ ಲೋಟ

ಶಂಕ್ರೆಪ್ಪ ಠಾಣೆ ಶಹರಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಅವನು ಮುಟ್ಟಿದ್ದು ಲಾರಿಗಳ ಕಮಾನುಗಳನ್ನು ಮಾತ್ರ. ಚಕ್ರದ ಮೇಲೆ ಒಂದರ ಮೇಲೊಂದು ಕೂತು ಗಾಡಿಯ ಭಾರ ಹೊರುವ ಆ ಉಕ್ಕಿನ ಪಟ್ಟಿಗಳನ್ನು ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಹದ ಕೊಡುವುದರಲ್ಲಿ ಕಲ್ಯಾಣದಿಂದ ಕಳಂಬೋಲಿಯವರೆಗೆ ಅವನಂಥ ಕೈ ಇನ್ನೊಂದಿರಲಿಲ್ಲ. ಇದನ್ನು ಅವನು ಹೇಳಿಕೊಳ್ಳುತ್ತಿರಲಿಲ್ಲ, ಡ್ರೈವರುಗಳು ಹೇಳುತ್ತಿದ್ದರು. ಆದರೇನು, ಬೋರ್ಡಿನ ಮೇಲಿನ ಹೆಸರು ಬೇರೆಯವರದು, ಕುಲುಮೆ ಬೇರೆಯವರದು. ಸುತ್ತಿಗೆಯೊಂದು ಅವನದು, ಅದೂ ಕಲಬುರ್ಗಿ ಕಡೆಯ ಹಳ್ಳಿಯಿಂದ ಅಪ್ಪ ಕೊಟ್ಟು ಕಳಿಸಿದ್ದು. ತನ್ನದೇ ಒಂದು ಕುಲುಮೆಯಾಗಬೇಕು, ಜನ ತನ್ನನ್ನು ‘ಏ ಕಮಾನ್‌ವಾಲಾ’ ಅನ್ನದೆ ‘ಮಿಸ್ತ್ರಿ’ ಅನ್ನಬೇಕು, ಇಷ್ಟೇ ಅವನ ಆಸೆ. ಇಷ್ಟು ಸಣ್ಣ ಆಸೆ ಕಂಡರೆ ದೇವರಿಗೆ ಯಾಕೋ ತಮಾಷೆ ಮಾಡಬೇಕು ಅನ್ನಿಸುತ್ತದೆ.

ಆ ತಮಾಷೆ ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಕೆಂಪು ಕಾರಾಗಿ ಬಂತು. ಕೋಪರಿಯಲ್ಲಿ ಸ್ಟೇಷನ್ನಿನ ಬದಿಗೆ ಉಡುಪಿ ಹೋಟೆಲು ನಡೆಸುತ್ತಿದ್ದ ವಿಷ್ಣುಮೂರ್ತಿ ರಾಯರು, ಒಬ್ಬನೇ ಮಗ ವಸಂತಕುಮಾರನ ಹಟ ತಡೆಯಲಾರದೆ, ಕೊಲಾಬಾದ ಒಬ್ಬ ಪಾರ್ಸಿ ಮುದುಕನಿಂದ ಅದನ್ನು ಕೊಂಡು ತಂದಿದ್ದರು. ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ಒಂದು ಕಾಲದಲ್ಲಿ ರೇಸಿನಲ್ಲಿ ಓಡಿದ ಕಾರು. ಅದರ ಹೆಸರು ಯಾರ ಬಾಯಿಗೂ ಹತ್ತದ್ದರಿಂದ ಹೋಟೆಲಿನವರು ಅದನ್ನು ಕೆಂಪಿ ಅಂದರು. ಇಂಜಿನ್ನೇನೋ ಹುಲಿ, ಸೊಂಟ ಮಾತ್ರ ಬಿದ್ದುಹೋಗಿತ್ತು. ಬೇಲಾಪುರ ರಸ್ತೆಯ ಮೊದಲ ಗುಂಡಿಗೇ ಅದರ ಹಿಂಭಾಗ ಎಗರಿ ನೆಲಕ್ಕೆ ಬಡಿಯಿತು. ಪಕ್ಕದಲ್ಲಿ ಕೂತಿದ್ದ ರಾಯರ ಬೆನ್ನು ಹಿಡಿದುಕೊಂಡಿತು. ಮೂರು ಗ್ಯಾರೇಜಿನವರು ಕೈಯಾಡಿಸಿ, ಸಾಮಾನು ವಿಲಾಯತಿಯಿಂದಲೇ ಬರಬೇಕು ಎಂದು ತಲೆ ಅಲ್ಲಾಡಿಸಿದ ಮೇಲೆ ಶಂಕ್ರೆಪ್ಪನಿಗೆ ಕರೆ ಹೋಯಿತು.

ಅವನು ಕಾರಿನ ಕೆಳಗೆ ತೂರಿ ಅರ್ಧ ಗಂಟೆ ಹೊರಗೆ ಬರಲಿಲ್ಲ. ಬಂದವನ ಮುಖ ಅರಳಿತ್ತು. ಹಿಂದಿನ ಚಕ್ರಗಳ ಮೇಲೆ ಇದ್ದದ್ದು ಅವನ ಹಳೇ ಗೆಳೆಯ, ಕಮಾನು.

“ನನಗೆ ಮೆತ್ತಗೆ ಬೇಕು ಮಾರಾಯ,” ಎಂದರು ರಾಯರು. “ಈ ಬೆನ್ನು ಇನ್ನೊಂದು ಸಲ ಹೋದ್ರೆ ಗಲ್ಲಾದಲ್ಲಿ ಕೂತ್ಕೊಳ್ಳುವವರು ಯಾರು?”

“ನೀಚೇ ಚಾಹಿಯೇ,” ಎಂದ ವಸಂತ. ಅವನು ಹುಟ್ಟಿದ್ದು ಕೋಪರಿಯಲ್ಲಿ. ಮನೆಯ ತುಳುವಿಗೂ ಹೋಟೆಲಿನ ಕನ್ನಡಕ್ಕೂ ಅವನ ಉತ್ತರ ಹಿಂದಿಯಲ್ಲಿಯೇ. “ಏಕ್‌ದಮ್ ಜಮೀನ್ ಕೋ ಚಿಪಕ್ ಕೇ. ಔರ್ ಟೈಟ್.” ಕೈಯಲ್ಲಿ ಇಂಗ್ಲಿಷ್ ಮ್ಯಾಗಜಿನ್ನು ಬೇರೆ.

“ಇಬ್ಬರದೂ ಆಗ್ತದ್ರಿ ರಾಯ್ರ,” ಎಂದ ಶಂಕ್ರೆಪ್ಪ. “ಕೆಳಗ ಕೂಡೂದು ಬ್ಯಾರೆ, ಬಿರುಸು ಇರೂದು ಬ್ಯಾರೆ. ಕಮಾನಿನ ಬಾಗು ಕಡಿಮಿ ಮಾಡಿದ್ರ ಗಾಡಿ ಕೆಳಗ ಕೂಡ್ತದ. ಪಟ್ಟಿ ತೆಳ್ಳಗ ಮಾಡಿದ್ರ ಮೆತ್ತಗಾಗ್ತದ. ಆಮ್ಯಾಲ ಕುಣಿಯೂದು ನಿಲ್ಲಸೂದು ಶಾಕಪ್ಪಿನ ಕೆಲಸ. ನೀವು ಖರೇನ ಚಲೋ ಗಾಡಿ ತಂದೀರಿ.”

ಅಷ್ಟು ಅಂದದ್ದೇ ತಡ, ವಸಂತ ಎದ್ದು ನಿಂತು ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿ ತಿರುಗಿದ. “ಚಲೋ? ಕಿಧರ್ ಚಲನೇ ಕಾ, ಮಿಸ್ತ್ರಿ?”

ಹೋಟೆಲಿನವರೆಲ್ಲ ನಕ್ಕರು. ಶಂಕ್ರೆಪ್ಪನೂ ನಕ್ಕ. ಮಿಸ್ತ್ರಿ ಅಂದನಲ್ಲ ಎಂಬ ಖುಷಿಗೆ ನಕ್ಕ, ಪಾಪ.

ಹೋಟೆಲಿನ ಹಿಂದೆ ಸೌದೆ ತುಂಬಿದ್ದ ತಗಡಿನ ಶೆಡ್ಡೊಂದಿತ್ತು. ಕೆಲಸ ಅಲ್ಲೇ ನಡೆಯಲಿ ಎಂದರು ರಾಯರು. ಎರಡನೇ ದಿನ ಶಂಕ್ರೆಪ್ಪ ಧೈರ್ಯ ಮಾಡಿ ಬಾಯಿಬಿಟ್ಟ. ಮಜೂರಿ ಬೇಡ, ಕೆಲಸ ಮನಸ್ಸಿಗೆ ಬಂದರೆ ಈ ಶೆಡ್ಡಿನಲ್ಲೇ ಕುಲುಮೆ ಹಾಕಿಕೊಳ್ಳಲು ಬಿಡಬೇಕು. ರಾಯರು ಬೆನ್ನು ನೀವಿಕೊಳ್ಳುತ್ತ ಯೋಚಿಸಿದರು. “ತುಂಬಿದ ಕೊಡ ತುಳುಕುವುದಿಲ್ಲ ಅಂತಾರಲ್ಲ? ನಾನು ಒಂದು ಲೋಟ ಕಾಫಿ ಕಂಠಮಟ್ಟ ತುಂಬಿಸಿ ಸ್ಟೇರಿಂಗಿನ ಮುಂದೆ ಇಡ್ತೇನೆ. ಉಬ್ಬು ದಾಟುವಾಗ ಒಂದು ಹನಿ ತುಳುಕದಿದ್ರೆ ಶೆಡ್ಡು ನಿನಗೆ. ನನ್ನ ಮಾತು ಅಂದ್ರೆ ಮಾತು, ಆಯ್ತಾ?”

ಅಲ್ಲಿಂದ ಒಂದು ತಿಂಗಳು ಶಂಕ್ರೆಪ್ಪ ಮನೆಗೆ ಹೋದದ್ದು ಮಲಗಲು ಮಾತ್ರ. ಚಕ್ರಕ್ಕೆ ಏಳರಂತೆ ಇದ್ದ ಹಳೇ ಪಟ್ಟಿಗಳನ್ನು ಬಿಚ್ಚಿ ಎಸೆದ. ಕಳಂಬೋಲಿಯಲ್ಲಿ ಆಗತಾನೇ ಎದ್ದಿದ್ದ ಕಬ್ಬಿಣದ ಮಾರ್ಕೆಟ್ಟು ಸುತ್ತಿ, ಪಟ್ಟಿಗಳನ್ನು ಉಗುರಿನಿಂದ ಮೀಟಿ ದನಿ ಕೇಳಿ ಚಕ್ರಕ್ಕೆ ಐದರಂತೆ ಆರಿಸಿದ. ತುದಿಗಳನ್ನು ಬಡಿದು ತೆಳ್ಳಗೆ ಮಾಡಿದ. ಶಾಕಪ್ಪಿಗೆ ಜೀಪಿನದು ಹಾಕಿ ನೋಡಿದ, ಕಾರು ಒದೆಯಿತು. ಫಿಯಟ್ಟಿನದು ಹಾಕಿದ, ತೊಟ್ಟಿಲಾಯಿತು. ಕೊನೆಗೆ ಕೆಂಪಿಯ ಹಳೇ ಶಾಕಪ್ಪನ್ನೇ ಬಿಚ್ಚಿ ತೊಳೆದು, ಹೊಸ ವಾಷರು ಕೂರಿಸಿ, ದಪ್ಪ ಎಣ್ಣೆ ತುಂಬಿದ. ನಾಲ್ಕು ಸಲ ಹಾಕಿ ನಾಲ್ಕು ಸಲ ತೆಗೆದ. ಇಷ್ಟು ಪ್ರೀತಿಯಿಂದ ಮಾಡಿದ ಕೆಲಸವನ್ನು ನಾನು ಹೆಚ್ಚು ನೋಡಿಲ್ಲ.

ಅವನ ಬಾಯಿಗೆ ಮಾತ್ರ ಒಂದು ಕಾಟ ಗಂಟುಬಿದ್ದಿತ್ತು. ಹದ ಸರಿಬಂದಾಗಲೆಲ್ಲ ‘ಚಲೋ’ ಎಂಬ ಮಾತು ಬಂದುಬಿಡುತ್ತಿತ್ತು, ವಸಂತ ಎಲ್ಲಿದ್ದರೂ ಓಡಿಬರುತ್ತಿದ್ದ. ಒಮ್ಮೆ ಶಂಕ್ರೆಪ್ಪ ಕಾರಿನ ಕೆಳಗಿನಿಂದ ‘ಚಲೋ’ ಅಂದಕೂಡಲೇ ಆ ಹುಡುಗ ಜಾಕು ಇಳಿಸಲು ಹೋಗಿದ್ದ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಚಂದವ್ವ, ಶಂಕ್ರೆಪ್ಪನ ಹೆಂಡತಿ, ವಾಶಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವಳು, ಅದನ್ನು ಕೇಳಿ ಹೆದರಿದಳು. “ಆ ಮಾತೇ ಆಡಬ್ಯಾಡ. ಸರಿ ಅನ್ನೂದಕ್ಕ ನಮ್ಮ ಕೆಲಸದ ಮುಕಾದಮ್ ಅಂತಾನಲ್ಲ, ಬರೋಬರ್ ಅಂತ, ಹಂಗನ್ನು.” ಅವನು ಲೋಕಲ್ ರೈಲಿನಲ್ಲಿ ನಿಂತು, ಸಂಡಾಸದ ಸರದಿಯಲ್ಲಿ ನಿಂತು, ಬರೋಬರ್, ಬರೋಬರ್ ಎಂದು ಬಾಯಿಪಾಠ ಮಾಡಿದ.

ಪರೀಕ್ಷೆಯ ದಿನ ಭಾನುವಾರ. ಹೋಟೆಲಿನ ಮುಂದೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಮಲಗಿಸಿದ್ದರು, ಅದೇ ಉಬ್ಬು. ಸ್ಟೇರಿಂಗಿನ ಹಿಂದೆ ವಸಂತ, ಪಕ್ಕದಲ್ಲಿ ರಾಯರು, ಮುಂದೆ ಅಂಚಿನವರೆಗೆ ತುಂಬಿದ ಸ್ಟೀಲಿನ ಲೋಟ. ಮುಂದಿನ ಚಕ್ರಗಳು ದಾಟಿದವು. ಕಾಫಿಯ ಮೇಲಿನ ನೊರೆ ಸಹ ಅಲುಗಲಿಲ್ಲ. “ರುಕೋ, ರುಕೋ!” ಎಂದು ಶಂಕ್ರೆಪ್ಪ ಕೈ ಎತ್ತಿದ. ಕಬ್ಬಿಣದ ಪಟ್ಟಿ ಸ್ವಲ್ಪ ಸೊಟ್ಟಗಾಗಿತ್ತು, ಹಿಂದಿನ ಚಕ್ರ ಅದಕ್ಕೆ ಒಂದು ಗೇಣು ದೂರ ನಿಂತಿತ್ತು. ಇಂಜಿನ್ ಓಡುತ್ತಲೇ ಇತ್ತು. ಅವನು ಗೋಣಿಚೀಲದ ಮೇಲೆ ಮಲಗಿ, ಬಲಗೈಯಿಂದ ಪಟ್ಟಿ ಹಿಡಿದು ನೇರಮಾಡುತ್ತ ತಲೆಯೆತ್ತಿ ನೋಡಿದ. ಇಬ್ಬರ ಭಾರ ಹೊತ್ತು ಕಮಾನಿನ ಐದೂ ಪಟ್ಟಿಗಳು ಒಂದಕ್ಕೊಂದು ಒರಗಿ, ಅವನು ಎಣಿಸಿದ್ದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಿಲ್ಲ ಕಡಿಮೆಯಿಲ್ಲ ಅನ್ನುವಂತೆ ಬಾಗಿದ್ದವು. ಅಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿ ಅವನ ಕಣ್ಣು ತುಂಬಿಬಂತು.

“ಹೇಗುಂಟು ಮಾರಾಯ?” ಮೇಲಿನಿಂದ ರಾಯರು ಕೇಳಿದರು.

ದುಃಖಕ್ಕೆ ಕಲಿತ ಭಾಷೆ ಸಾಕಾಗಬಹುದು, ಸಂತೋಷಕ್ಕೆ ಸಾಕಾಗುವುದಿಲ್ಲ. ತಿಂಗಳ ಬಾಯಿಪಾಠ ಎಲ್ಲಿ ಹೋಯಿತೋ. ಶಂಕ್ರೆಪ್ಪ ಎದೆ ತುಂಬಿ ಕೂಗಿದ.

“ಚಲೋ!”

ವಸಂತ ಕ್ಲಚ್ಚು ಬಿಟ್ಟ.

ಹಿಂದಿನ ಚಕ್ರ ಪಟ್ಟಿಯನ್ನೂ ಅದನ್ನು ಹಿಡಿದಿದ್ದ ಕೈಯನ್ನೂ ಒಟ್ಟಿಗೇ ಹತ್ತಿ ಇಳಿಯಿತು. ಕಾರಿನಲ್ಲಿ ಕೂತವರಿಗೆ ಗೊತ್ತೇ ಆಗಲಿಲ್ಲ. ರಾಯರು ಲೋಟವನ್ನೇ ನೋಡುತ್ತಿದ್ದರು. “ಒಂದು ಹನಿ ಇಲ್ಲ!” ಎಂದು ಅವರು ಚಪ್ಪಾಳೆ ತಟ್ಟಿದ ಮೇಲೆಯೇ ಹಿಂದಿನಿಂದ ಬಂದ ಕೂಗು ಕೇಳಿಸಿದ್ದು.

ಬಲಗೈಯ ನಾಲ್ಕು ಬೆರಳು ಹೋದವು, ಹೆಬ್ಬೆರಳು ಉಳಿಯಿತು. ಆಸ್ಪತ್ರೆಗೆ ಬಂದ ಹವಾಲ್ದಾರ ಮಂಚದ ತುದಿಯಲ್ಲಿ ಕೂತು, ಚಲೋ ಅಂದೆಯೋ ಇಲ್ಲವೋ ಎಂದು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದ. “ತೂ ಚಲೋ ಮ್ಹಣಾಲಾಸ್ ಕೀ ನಾಹೀ?”

“ಬೋಲಾ ಸಾಹೇಬ್. ಲೇಕಿನ್ ಹಮಾರೇ ಮೇ ಚಲೋ ಬೋಲೇ ತೋ ಅಚ್ಛಾ.”

“ಅಚ್ಛಾ!” ಎಂದು ಹವಾಲ್ದಾರ ನಕ್ಕ. ತಾನೇ ಚಲೋ ಅಂದದ್ದಾಗಿ ಬರೆದ ಕಾಗದ ಮುಂದೆ ಹಿಡಿದ. ಶಂಕ್ರೆಪ್ಪನಿಗೆ ಸಹಿ ಮಾಡಲು ಬರುತ್ತಿತ್ತು, ಆದರೂ ಆವತ್ತು ಎಡಗೈ ಹೆಬ್ಬೆಟ್ಟು ಒತ್ತಿದ. ಬಾಗಿಲಲ್ಲಿ ನಿಂತಿದ್ದ ವಸಂತ ನೆಲ ನೋಡುತ್ತಿದ್ದ. ಒಂದು ತಿಂಗಳು ಆ ಮಾತಿಗೆ ನಕ್ಕವನಿಗೆ ಅದರ ಅರ್ಥ ಗೊತ್ತಿರಲಿಲ್ಲವೇ ಎಂದು ಕೇಳಬೇಕೆಂದು ಶಂಕ್ರೆಪ್ಪನಿಗೆ ನಾಲಗೆಯವರೆಗೆ ಬಂತು. ಬಡವನ ಸಿಟ್ಟು ದವಡೆಗೆ ಮೂಲ.

ರಾಯರು ಮೋಸಂಬಿ ಹಿಡಿದುಕೊಂಡು ಬಂದರು. “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಎಂತ ಮಾಡ್ಲಿಕ್ಕೆ ಆಗ್ತದೆ? ಆದ್ರೆ ಕೆಲಸ ಅಂದ್ರೆ ನಿನ್ನದು ಮಾರಾಯ, ಒಂದು ಹನಿ ತುಳುಕಲಿಲ್ಲ.”

“ಶೆಡ್ಡು, ರಾಯ್ರ?”

ರಾಯರು ನಿಜಕ್ಕೂ ನೊಂದವರ ಹಾಗೆ ಅವನ ಬ್ಯಾಂಡೇಜು ನೋಡಿದರು. “ಆ ಕೈಯಲ್ಲಿ ಕುಲುಮೆ ಇಟ್ಟುಕೊಂಡು ನೀನು ಎಂತ ಮಾಡ್ತಿ?”

ದೀಪಾವಳಿಯ ಹೊತ್ತಿಗೆ ವಸಂತನಿಗೆ ಕೆಂಪಿ ಬೇಸರವಾಯಿತು. ಅದನ್ನು ಪುಣೆಯವರಿಗೆ ಮಾರಿ ಹೊಸ ಮಾರುತಿ ತಂದ. ಕೊಂಡವರು ಅದರ ಓಟವನ್ನು ಬಹಳ ಹೊಗಳಿದರಂತೆ. ಶೆಡ್ಡು ಕೆಡವಿಸಿ ರಾಯರು ಗಿರಾಕಿಗಳ ಕಾರು ನಿಲ್ಲಿಸಲು ಜಾಗ ಮಾಡಿಸಿದರು. ಕೈಬಿಟ್ಟರು ಅನ್ನಿಸಿಕೊಳ್ಳಬಾರದಲ್ಲ, ಶಂಕ್ರೆಪ್ಪನನ್ನೇ ಅಲ್ಲಿ ಕೆಲಸಕ್ಕೆ ಇಟ್ಟುಕೊಂಡರು. ಈಗ ಹೋಟೆಲಿನವರೆಲ್ಲ ಅವನನ್ನು ಮಿಸ್ತ್ರಿ ಅಂತಲೇ ಕರೆಯುತ್ತಾರೆ. ಕುಲುಮೆ ಹಾಕಬೇಕೆಂದಿದ್ದ ಜಾಗದಲ್ಲಿ ನಿಂತು, ಹಿಂದಕ್ಕೆ ಸರಿಯುವ ಕಾರುಗಳಿಗೆ ಎಡಗೈ ಬೀಸುತ್ತ, ಬೆಳಗಿನಿಂದ ಸಂಜೆಯವರೆಗೆ ಅವನು ಕೂಗುತ್ತಾನೆ. “ಚಲೋ, ಚಲೋ, ಚಲೋ.”

ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಅವನು ಮನೆಗೆ ಬಂದಾಗ ಚಂದವ್ವ ಪುಂಡಿಪಲ್ಯ ಮಾಡಿದ್ದಳು. ರೊಟ್ಟಿ ಮುರಿದು ಅವನ ಎಡಗೈಗೆ ಕೊಟ್ಟು, ಮರೆತು, ಯಾವಾಗಲೂ ಕೇಳುವ ಹಾಗೆಯೇ ಕೇಳಿದಳು.

“ಪಲ್ಯ ಚಲೋ ಆಗ್ಯಾದೇನು?”

ಶಂಕ್ರೆಪ್ಪ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. ರೊಟ್ಟಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಂಡು, ಒರೆಸಿ, ಬಾಯಿಗಿಟ್ಟುಕೊಂಡು, “ಬರೋಬರ್ ಅದ,” ಎಂದ.