ಕಂದಕದ ಲಾಲಿಪಾಪ್

ಗುಂಡು ತಗುಲಿದ ಸೈನಿಕನೂ ಹಲ್ಲು ಕಚ್ಚಿ ನಗುತ್ತಿರಬೇಕೆಂದು ಬಯಸಿದವರು ನೀವಲ್ಲದೆ ಮತ್ತಾರು? ನಿಮ್ಮ ಅವಿವೇಕದ ಫಲವನ್ನು ಆಲಿಸಿರಿ.

ಕಾಲಿನ ಮೂಳೆ ಮುರಿದ ಯುವ ಸೈನಿಕನೊಬ್ಬನು ಕಂದಕದಲ್ಲಿ ಬಿದ್ದಿದ್ದನು. ಪಕ್ಕದಲ್ಲೇ ಅದೇ ತುಕಡಿಯ ಅವನ ಭಾವ, ಅಕ್ಕನ ಗಂಡ. ತಲೆಯ ಮೇಲೆ ಗುಂಡುಗಳು ಸುಂಯ್‌ಗುಡುತ್ತಿದ್ದವು. ರಕ್ತವೇನೋ ನಿಂತಿತ್ತು, ಆದರೆ ನೋವು ತಗ್ಗದೆ ಕಾಲನ್ನು ನೇರಮಾಡಿ ಕಟ್ಟುವಂತಿರಲಿಲ್ಲ, ಕಟ್ಟದೆ ಹೊತ್ತೊಯ್ಯುವಂತಿರಲಿಲ್ಲ.

ಗಾಯಾಳುಗಳನ್ನು ನೋಡಿಕೊಳ್ಳುವವನನ್ನು ಎಲ್ಲರೂ ಪಟ್ಟಿಯಣ್ಣ ಎನ್ನುತ್ತಿದ್ದರು. “ಹತ್ತಕ್ಕೆ ಎಷ್ಟಪ್ಪಾ ನೋವು?” ಎಂದು ಅವನು ಕೇಳಿದನು.

“ಸೊನ್ನೆ,” ಎಂದನು ಸೈನಿಕ, ಭಾವನತ್ತ ಕಳ್ಳನೋಟ ಬೀರುತ್ತಾ. ಮುಖ ಮಾತ್ರ ಹಿಂಡಿದ ಬಟ್ಟೆಯಂತಿತ್ತು.

ಚುಚ್ಚುಮದ್ದು ಖಾಲಿಯಾಗಿತ್ತು. ಪಟ್ಟಿಯಣ್ಣ ನೋವಿನ ಔಷಧವುಳ್ಳ ಕಡ್ಡಿಮಿಠಾಯಿಯನ್ನು ತೆಗೆದು ಅಂಟುಪಟ್ಟಿಯಿಂದ ಸೈನಿಕನ ಬೆರಳಿಗೆ ಬಿಗಿದನು. ಮಂಪರು ಹೆಚ್ಚಿದರೆ ಕೈ ಜಾರಿ ಮಿಠಾಯಿ ತಾನಾಗಿ ಬಾಯಿಂದ ಹೊರಬರಲೆಂದು ಈ ಉಪಾಯ.

“ಅಯ್ಯೋ ಕಂದಾ, ಲಾಲಿಪಾಪ್ ಬೇಕಾ? ತಡಿ, ನಿಮ್ಮಕ್ಕಂಗೆ ಹೇಳ್ತೀನಿ!” ಭಾವ ಹೊಟ್ಟೆ ಹಿಡಿದು ನಕ್ಕನು. ಸೈನಿಕ ತುಟಿ ಬಿಗಿದು ಮುಖ ತಿರುಗಿಸಿದನು.

ಇಂಥ ಭಾವಂದಿರಿಗೆ ಶಿಕ್ಷೆ ವಿಧಿಸುವ ಕಾನೂನು ಏಕಿಲ್ಲವೋ ನಾನರಿಯೆ.

“ನಗಿ ಭಾವ, ನಗಿ. ಹಲ್ಲುನೋವಿಗೆ ನೀವು ದಿಂಬು ಕಚ್ಕೊಂಡು ಅತ್ತಿದ್ದನ್ನ ಅಕ್ಕ ಹೇಳಿದಾಳೆ.”

“ಅದು ಬೇರೆ! ಅದು ಹತ್ತಕ್ಕೆ ಹನ್ನೊಂದು!”

ಪಟ್ಟಿಯಣ್ಣ ಗಲ್ಲ ತುರಿಸಿಕೊಂಡನು. “ಹಂಗಾದ್ರೆ ಇವನ ಮುರಿದ ಕಾಲು ಸೊನ್ನೆ, ನಿಮ್ಮ ಒಂದು ಹಲ್ಲು ಹನ್ನೊಂದು. ತುಕಡಿಯವರಿಗೆಲ್ಲ ಹೇಳೋಕೆ ಚೆನ್ನಾಗಿದೆ ಬಿಡಿ.”

ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ಮರುಕ್ಷಣವೇ ಅವನು ಮೈದುನನ ಗಲ್ಲ ಹಿಡಿದನು. “ಲೋ, ನನ್ನ ಮರ್ಯಾದೆ ಉಳಿಸೋ! ಹನ್ನೆರಡು ಅನ್ನು!”

“ಲಾಲಿಪಾಪ್ ವಿಷ್ಯ ಅಕ್ಕಂಗೆ?”

“ಹೇಳಲ್ಲ, ನಿನ್ನಾಣೆ! ಚೀಪಪ್ಪಾ, ನಿನ್ನ ದಮ್ಮಯ್ಯ!”

“ಹನ್ನೆರಡು,” ಎಂದ ಸೈನಿಕನ ಕಣ್ಣಿಂದ ಅಷ್ಟು ಹೊತ್ತು ತಡೆದಿದ್ದ ನೀರು ಬಳಬಳನೆ ಇಳಿಯಿತು. “ನಿಜವಾಗ್ಲೂ ಹನ್ನೆರಡು, ಭಾವ.”

ಭಾವ ಆ ಬೆರಳನ್ನು ಮೆಲ್ಲಗೆ ಎತ್ತಿ, ಮಿಠಾಯಿಯನ್ನು ತಾನೇ ಅವನ ಬಾಯಿಗಿಟ್ಟನು.

ಮಿಠಾಯಿ ಕರಗಿತು, ನೋವು ತಗ್ಗಿತು, ಕಾಲು ಕಟ್ಟಿದ್ದಾಯಿತು. ಸ್ಟ್ರೆಚರಿನ ಮೇಲೆ ಸಾಗುತ್ತಾ ಸೈನಿಕ ಮಂಪರಿನಲ್ಲಿ ಉದಾರಿಯಾದನು: “ಭಾವಾ, ನಿಮ್ಮ ಹಲ್ಲಿಗೆ ಇಪ್ಪತ್ತು ಕೊಟ್ಟಿದೀನಿ!”

“ಬಾಯ್ಮುಚ್ಕೊಂಡು ಮಲಗೋ!” ಎಂದನು ಸ್ಟ್ರೆಚರಿನ ಹಿಂದಿನ ಹಿಡಿ ಹಿಡಿದಿದ್ದ ಭಾವ.

ಓದುಗ ಮಹಾಶಯರೇ, ಯುದ್ಧದಿಂದ ಮರಳಿದವನೊಬ್ಬ ನಿಮ್ಮ ಬೀದಿಯಲ್ಲಿಯೂ ಇರಬಹುದು. ಶೌರ್ಯದ ಕಥೆ ಕೇಳುವ ಚಪಲವನ್ನು ಬಿಟ್ಟು, ಇಂದೇ ಹೋಗಿ ಎಲ್ಲಿ ನೋಯುತ್ತಿದೆಯೆಂದು ವಿಚಾರಿಸಿರಿ, ಅವನು ಹೇಳಿದ್ದನ್ನು ನಂಬಿರಿ. ಅವನ ಭಾವ ಅಲ್ಲಿದ್ದರೆ ಮೊದಲು ಹೊರಗೆ ಕಳುಹಿಸಿರಿ.