ಮೈನಸ್ ಇಲ್ಲದ ಲೆಕ್ಕಗಳು

ಪಂಪ್‌ಹೌಸಿನಲ್ಲಿ ಮೋಟಾರಿನ ಶಾಕ್ ಹೊಡೆದು ಗಂಡ ಸತ್ತ ಮೇಲೆ ಅವಳಿಗೆ ಅಳುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಅವನ ಕೆಲಸವನ್ನು ಮನೆಯವರಲ್ಲೊಬ್ಬರಿಗೆ ಕೊಡುತ್ತಾರೆ, ಮೊದಲ ಅವಕಾಶ ಹೆಂಡತಿಗೆ, ಆದರೆ ಪರೀಕ್ಷೆ ಪಾಸಾಗಬೇಕು ಎಂದರು ಕಚೇರಿಯವರು. ನೀರಿಗೆ ಬೆರೆಸುವ ಔಷಧಿ ಎಷ್ಟೆಂದು ಆಪರೇಟರು ಸೂತ್ರ ಹಾಕಿ ತೆಗೆಯಬೇಕು. ಹಾಗಾಗಿ ಪರೀಕ್ಷೆಯೆಲ್ಲ ಬೀಜಗಣಿತ. ಅವಳು ಫೇಲಾದರೆ ಕೆಲಸ ಮೈದುನನಿಗೆ. ಕ್ವಾರ್ಟರ್ಸ್ ಕೂಡ ಕೆಲಸದ ಬೆನ್ನಿಗೇ ಹೋಗುತ್ತದೆ. ಆಮೇಲೆ ಮಗಳನ್ನು ಕಟ್ಟಿಕೊಂಡು, ಅವನಿಗೆ ಬರುವ ಹೆಂಡತಿಯ ಮುಖ ನೋಡಿಕೊಂಡು ಬಾಳಬೇಕು.

ಪಾಠ ಹೇಳಿದವನು ಆ ಮೈದುನನೇ. ಓದು ಮುಗಿಸಿ ಕೆಲಸವಿಲ್ಲದೆ ಮನೆಯಲ್ಲೇ ಇದ್ದ. ಅವಳು ಕೇಳಿದಳು, ಅವನು ಇಲ್ಲವೆನ್ನಲಿಲ್ಲ. ದಿನಾ ಸಂಜೆ ಅಡುಗೆಮನೆಯ ನೆಲದ ಮೇಲೆ ಸ್ಲೇಟು ಹಿಡಿದು ಕೂರುತ್ತಿದ್ದರು. ಪುಸ್ತಕ ಅವನ ಕೈಯಲ್ಲಿ, ಬಳಪ ಅವಳ ಕೈಯಲ್ಲಿ. x = 4 ಎಂದು ಆದೇಶಿಸಿ, ಎಂದು ಅವನು ಮೊದಲ ಲೆಕ್ಕ ಓದಿದಾಗ ಅವಳು ತಲೆಯೆತ್ತಿದಳು.

“ಆದೇಶ ಕೊಡೋದು ಯಾರಿಗಪ್ಪಾ?”

“x ಗೆ, ಅತ್ತಿಗೆ. ನೀನು ಎದ್ದೇಳು, ಇಲ್ಲಿ ನಾಲ್ಕು ಕೂತ್ಕೋಬೇಕು ಅಂತ.”

“ಈ ಮನೇಲಿ ಇವಳ ಮಾತು ಕೇಳೋದು ಅದೊಂದೇ ಇರಬೇಕು,” ಎಂದರು ಒಳಗಿನಿಂದ ಅತ್ತೆ. ಮೂವರೂ ನಕ್ಕರು. ಸಾವಾದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು.

ಅವಳು ಬೇಗ ಹಿಡಿದುಕೊಂಡಳು. ಹತ್ತರಲ್ಲಿ 2x ಕಳೆ ಎಂದರೆ ಎರಡು ನಾಲ್ಕಲೆ ಎಂಟು, ಉಳಿದದ್ದು ಎರಡು. ಅನ್ನ ಬಸಿಯುತ್ತಲೂ ಬಾಯಲ್ಲಿ ಅದೇ. ಅವನು ಕೊಟ್ಟ ಲೆಕ್ಕ ಒಂದೂ ತಪ್ಪಲಿಲ್ಲ. ಅತ್ತೆಯ ಮಾತು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಒಮ್ಮೆ ಮಗನಿಗೆ ಊಟ ಬಡಿಸುತ್ತ, ನಿನಗೂ ವಯಸ್ಸಾಗ್ತಾ ಬಂತು, ಯಾರು ಹೆಣ್ಣು ಕೊಡ್ತಾರೆ ಎಂದರು. ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಪರೀಕ್ಷೆಯ ಹಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲೆಕ್ಕಗಳಲ್ಲಿ x ನ ಬೆಲೆಗೆ ಮೈನಸ್ ಇತ್ತು. ಅಂಥದ್ದನ್ನು ಅವಳು ಕಂಡೇ ಇರಲಿಲ್ಲ. 10 – 2x, x = –3. ಹೇಳಿಕೊಟ್ಟಂತೆ x ಅನ್ನು ಎಬ್ಬಿಸಿ ಅದರ ಜಾಗದಲ್ಲಿ –3 ಕೂರಿಸಿದಳು. 10 – 2 × –3. ಗುಣಾಕಾರದ ಚಿಹ್ನೆ, ಪಕ್ಕದಲ್ಲೇ ಮೈನಸ್. ಎರಡು ಚಿಹ್ನೆ ಒತ್ತಿಕೊಂಡು ನಿಂತದ್ದು ಅವಳಿಗೆ ಅಚ್ಚಿನ ತಪ್ಪಿನಂತೆ ಕಂಡಿತು. ಮೈನಸ್ ತೆಗೆದು ಹಾಕಿದಳು. ಉತ್ತರ ನಾಲ್ಕು. ಉಳಿದವಕ್ಕೂ ಹಾಗೇ ಮಾಡಿದಳು.

ಮುಂದಿನ ವಾರ ಗುಮಾಸ್ತ ಅವಳನ್ನು ಕರೆದು ಫಲಿತಾಂಶ ಹೇಳಿದ. ಮೈನಸ್ ಬಂದ ಕಡೆಯೆಲ್ಲ ಜಾರಿದ್ದೀರಮ್ಮ, ಕಲಿಸಿದವರು ಇದನ್ನು ಹೇಳಿಕೊಡಲಿಲ್ಲವೇ ಎಂದು ಕೇಳಿದ. ಅವಳು ಎದ್ದು ಮನೆಗೆ ಬಂದಳು.

ಮೈದುನ ಬಾಗಿಲಲ್ಲೇ ನಿಂತಿದ್ದ. ಅವಳ ಮುಖ ನೋಡಿದವನು ಏನಾಯ್ತೆಂದು ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ಅವಳಿಗೆ ಗೊತ್ತಾಯಿತು.

“ಮರೆತೆಯಾ, ಬಿಟ್ಟೆಯಾ?”

“ಆ ಪಾಠ ಬಂದಾಗ ಹಾಳೆ ಮಗುಚಿದೆ, ಅತ್ತಿಗೆ. ನಾಳೆ ಹೇಳೋಣ ಅಂದ್ಕೊಂಡೆ. ದಿನಾ ಅಂದ್ಕೊಂಡೆ.”

ಅತ್ತೆ ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದರು. ಅವಳು ಬೈಯಲಿಲ್ಲ. ಬೈದು ಎಲ್ಲಿಗೆ ಹೋಗುವುದು? ಇನ್ನು ಉಣ್ಣಬೇಕಾದದ್ದು ಇವನ ಅನ್ನವನ್ನೇ. ಸ್ಲೇಟು ತಂದು ಅವನ ಮುಂದೆ ಇಟ್ಟಳು.

“ಈಗ ಹೇಳು.”

“ಈಗ್ಯಾಕೆ, ಅತ್ತಿಗೆ?”

“ಹೇಳು ಅಂದೆ.”

ಅವನು ಕುಕ್ಕರುಗಾಲಲ್ಲಿ ಕೂತು –3 ಬರೆದು, ಸುತ್ತ ಬ್ರಾಕೆಟ್ ಹಾಕಿದ. ಎರಡು ಮೈನಸ್ ಗುಣಿಸಿದರೆ ಪ್ಲಸ್ ಆಗುತ್ತದೆ, ಹತ್ತಕ್ಕೆ ಆರು ಸೇರಿಸಿದರೆ ಹದಿನಾರು ಎಂದ.

ಅವಳು ಸ್ಲೇಟನ್ನೇ ನೋಡಿದಳು.

“ಇಷ್ಟೇನಾ?”

“ಇಷ್ಟೇ.”